ಪ್ರೀ-ಆಂಪ್ ಬೇಕೆ? ಬೇಕಿದ್ದರೆ ಎಂಥದ್ದು?

ಮನೆಯ ಹೈ-ಫೈ ಸೆಟ್ಟಿನಲ್ಲಿ ಸ್ಪೀಕರಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇರುತ್ತದೆ. ಪವರ್ ಆಂಪ್ಲಿಫೈಯರ್ ಎಷ್ಟು ವ್ಯಾಟಿನದು ಎಂದು ಬಂದ ನೆಂಟರೂ ಕೇಳುತ್ತಾರೆ. ಇವೆರಡಕ್ಕೂ ಮುಂದೆ ಕೂತಿರುವ ಪ್ರೀ-ಆಂಪ್ ಏನು ಮಾಡುತ್ತದೆ ಎಂದರೆ ಮಾತ್ರ ಲಕ್ಷ ರೂಪಾಯಿ ಸುರಿದು ತಂದವರೂ ಸ್ವಲ್ಪ ತಡವರಿಸುತ್ತಾರೆ. ‘ವಾಲ್ಯೂಮ್ ಇರೋದೇ ಅದರಲ್ಲಲ್ವಾ’ ಎಂಬುದು ಸಾಮಾನ್ಯ ಉತ್ತರ. ತಪ್ಪೇನಿಲ್ಲ. ಆದರೆ ಒಂದು ವಾಲ್ಯೂಮ್ ಗುಂಡಿಗೆ ಅಷ್ಟು ದುಡ್ಡೇಕೆ ಎಂದು ಮುಂದುವರಿದು ಕೇಳಿದರೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ವಾಲ್ವ್ ಇಲ್ಲದ ಪ್ರೀಯಲ್ಲಿ ಜೀವವೇ ಇಲ್ಲ ಎನ್ನುವವರು ಒಂದು ಕಡೆ. ಪ್ರೀ-ಆಂಪೇ ದಂಡ, ಡಿಜಿಟಲ್ ಹಾಡನ್ನು ಸಿಗ್ನಲ್ಲಾಗಿಸುವ ಡ್ಯಾಕ್‌ನಿಂದ ನೇರವಾಗಿ ಪವರ್‌ಗೆ ವೈರ್ ಎಳೆಯಿರಿ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಮ್ಮ ಮನೆಯ ಮಟ್ಟಿಗೆ ಸರಿಯಾಗಿರಬಹುದು ಎನ್ನುವುದೇ ಇಲ್ಲಿನ ತೊಡಕು. ಪ್ರೀ-ಆಂಪ್ ಆರಿಸುವುದೆಂದರೆ ಒಳ್ಳೆಯ ದನಿಯ ಪೆಟ್ಟಿಗೆ ಹುಡುಕುವುದು ಎಂದುಕೊಂಡು ಹೊರಟರೆ ದಾರಿ ತಪ್ಪುತ್ತದೆ. ನಮ್ಮ ಸೆಟ್ಟಿನಲ್ಲಿ ಯಾವ ಕೆಲಸಕ್ಕೆ ಆಳಿಲ್ಲ ಎಂದು ಮೊದಲು ನೋಡಿಕೊಳ್ಳಬೇಕು. ಅದಕ್ಕೆ ಕಿವಿಗಿಂತ ಮುಂಚೆ ಕಾಗದ ಪೆನ್ಸಿಲ್ ಬೇಕಾಗುತ್ತದೆ.

ಸಿಗ್ನಲ್ ಬಡವಾಗಿದ್ದ ಕಾಲದಲ್ಲಿ ಪ್ರೀ-ಆಂಪ್ ಹುಟ್ಟಿತು. 1950ರ ದಶಕದಲ್ಲಿ ಹಾಡು ಬರುತ್ತಿದ್ದುದು ರೆಕಾರ್ಡಿನಿಂದ, ರೇಡಿಯೋ ಟ್ಯೂನರಿನಿಂದ, ಅನುಕೂಲಸ್ಥರಾದರೆ ಟೇಪಿನಿಂದ. ರೆಕಾರ್ಡಿನ ಮುಳ್ಳು ಹೊತ್ತ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುತ್ತಿದ್ದುದು ನಾಲ್ಕೈದು ಮಿಲಿವೋಲ್ಟ್. ಪವರ್ ಆಂಪ್ ಪೂರ್ತಿ ದನಿ ತೆಗೆಯಬೇಕಾದರೆ ಕೇಳುತ್ತಿದ್ದುದು ಒಂದು ವೋಲ್ಟಿನ ಆಸುಪಾಸು. ನಡುವಿನ ಇನ್ನೂರು ಪಟ್ಟಿನ ಕೊರತೆಯನ್ನು ಯಾರಾದರೂ ತುಂಬಲೇಬೇಕಿತ್ತು. ಅಲ್ಲದೆ ಆಗಿನ ವಾಲ್ವ್ ಪವರ್ ಆಂಪ್ ಮಣಭಾರದ, ಮುಟ್ಟಿದರೆ ಸುಡುವ ಸಾಮಾನು. ಅದನ್ನು ಕಪಾಟಿನೊಳಗೆ ಅಡಗಿಸಿ, ಗುಂಡಿಗಳಿರುವ ಪುಟ್ಟ ಪೆಟ್ಟಿಗೆಯನ್ನು ಮಾತ್ರ ಕೈಗೆ ಸಿಗುವಲ್ಲಿ ಇಡುತ್ತಿದ್ದರು. ಇಂಗ್ಲೆಂಡಿನ ಹಂಟಿಂಗ್‌ಡನ್‌ನಲ್ಲಿ ಪೀಟರ್ ವಾಕರ್ ಅವರ ಕಂಪನಿ 1959ರಲ್ಲಿ ತಂದ ಕ್ವಾಡ್ 22ಕ್ಕೆ ಸ್ವಂತ ಕರೆಂಟಿನ ವ್ಯವಸ್ಥೆಯೂ ಇರಲಿಲ್ಲ. ಕಪಾಟಿನೊಳಗಿನ ಕ್ವಾಡ್ 2 ಆಂಪ್‌ನಿಂದಲೇ ಅದು ವೈರಿನಲ್ಲಿ ಕರೆಂಟು ಎಳೆದುಕೊಳ್ಳುತ್ತಿತ್ತು. ನ್ಯೂಯಾರ್ಕಿನ ಸಾಲ್ ಮರಾಂಟ್ಜ್ ತಮ್ಮ ಮನೆಯಲ್ಲೇ ಕಟ್ಟಿದ ಇಂಥದೊಂದು ಪೆಟ್ಟಿಗೆ ಬೇಡಿಕೆ ಗಿಟ್ಟಿಸಿಕೊಂಡು ಕಂಪನಿಯಾಗಿ ಬೆಳೆಯಿತು. ಆ ಕಂಪನಿಯ ಮಾಡೆಲ್ 7 ಬಂದದ್ದು 1958ರ ಸುಮಾರಿಗೆ. ಒಳಗೆ ಆರು ಇಸಿಸಿ83 ವಾಲ್ವ್‌ಗಳು, ಹೊರಗೆ ಹಳೆಯ 78 ಆರ್‌ಪಿಎಂ ತಟ್ಟೆಗೊಂದು, ಹೊಸ ಎಲ್‌ಪಿಗೊಂದು ಎಂದು ಸ್ವಿಚ್ಚಿನ ಸ್ಥಾನಗಳು. ಈಗಲೂ ಅದರ ಸರ್ಕ್ಯೂಟನ್ನು ನಕಲು ಮಾಡಿ ಮಾರುವವರಿದ್ದಾರೆ.

ನಮ್ಮ ಬೆಂಗಳೂರಿನ ಜಾಲಹಳ್ಳಿಗೂ ಈ ಕಥೆಯಲ್ಲಿ ಒಂದು ಮೂಲೆ ಇದೆ. ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಅಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಬಿಇಎಲ್ ಎಂಬ ಅಚ್ಚಿರುವ ಹಳೆಯ ವಾಲ್ವ್‌ಗಳನ್ನು ಹುಡುಕಿ ಕೊಳ್ಳುವ ಹವ್ಯಾಸಿಗಳು ಹೊರದೇಶಗಳಲ್ಲೂ ಸಿಗುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಆಂಪ್ಲಿಫೈಯರ್ ಕಟ್ಟಿದ ಒಂದು ತಲೆಮಾರಿಗೆ ಬಿಇಎಲ್ 187, 188 ಟ್ರಾನ್ಸಿಸ್ಟರುಗಳ ನಂಬರು ಇನ್ನೂ ಬಾಯಲ್ಲೇ ಇದೆ.

1982ರಲ್ಲಿ ಸಿಡಿ ಬಂತು. ಅದರ ಪ್ಲೇಯರು ಹೊರಗೆ ಬಿಡುವ ಸಿಗ್ನಲ್ ಪೂರ್ತಿ ಮಟ್ಟದಲ್ಲಿ 2 ವೋಲ್ಟ್. ಟೇಪು, ಟ್ಯೂನರುಗಳ ಕಾಲು ವೋಲ್ಟು ಅರ್ಧ ವೋಲ್ಟಿಗೆ ಒಗ್ಗಿಹೋಗಿದ್ದ ಪ್ರೀ-ಆಂಪ್‌ಗಳ ಮುಂದೆ ಏಕಾಏಕಿ ಇಷ್ಟು ದೊಡ್ಡ ಸಿಗ್ನಲ್ ಬಂದು ನಿಂತಿತು. ಮೂಲದ ಬಡತನ ತೀರಿದರೂ ಪ್ರೀ-ಆಂಪ್ ತಯಾರಕರು ಗೇನ್, ಅಂದರೆ ಸಿಗ್ನಲ್ಲನ್ನು ಹೆಚ್ಚಿಸುವ ಪ್ರಮಾಣ, ತಗ್ಗಿಸಲಿಲ್ಲ. ಹಳೆಯ ರೂಢಿ ಉಳಿಯಿತು. ಗುಂಡಿ ಸ್ವಲ್ಪ ತಿರುಗಿಸಿದರೆ ಸಾಕು ಸದ್ದು ಮೊರೆಯುತ್ತದೆ ಎಂದರೆ ಗಿರಾಕಿಗೂ ಅದು ಶಕ್ತಿಯ ಗುರುತಾಗಿ ಕಂಡಿತು. ಇಂದಿನ ಗೊಂದಲದ ಬೇರು ಇಲ್ಲಿದೆ.

ಲೆಕ್ಕ ಹಾಕಿ ನೋಡೋಣ. 8 ಓಮ್ ಸ್ಪೀಕರಿಗೆ 100 ವ್ಯಾಟ್ ಕೊಡುವ ಪವರ್ ಆಂಪ್ ಎಂದರೆ ಅದರ ಕೊನೆಯಲ್ಲಿ 28.3 ವೋಲ್ಟ್ ಬರಬೇಕು. ಹೆಚ್ಚಿನ ಪವರ್ ಆಂಪ್‌ಗಳ ಗೇನ್ 26ರಿಂದ 29 ಡೆಸಿಬೆಲ್. 26 ಎಂದಿಟ್ಟುಕೊಂಡರೆ 20 ಪಟ್ಟು. ಅಂದರೆ ಅದರ ಬಾಯಿಗೆ 1.41 ವೋಲ್ಟ್ ಹಾಕಿದರೆ ನೂರು ವ್ಯಾಟೂ ಹೊರಬಿತ್ತು. ಸಿಡಿ ಪ್ಲೇಯರ್ ಅಥವಾ ಡ್ಯಾಕ್ 2 ವೋಲ್ಟ್ ಕೊಡುತ್ತಿದೆ. ಎಕ್ಸ್‌ಎಲ್‌ಆರ್ ಕಿಂಡಿಯಿದ್ದರೆ ಸಾಮಾನ್ಯವಾಗಿ 4 ವೋಲ್ಟ್. ಪ್ರೀ-ಆಂಪ್ ಒಂದು ಪಟ್ಟೂ ಹೆಚ್ಚಿಸದಿದ್ದರೂ ಆಂಪ್ ಉಸಿರುಗಟ್ಟುವಷ್ಟು ಸಿಗ್ನಲ್ ಆಗಲೇ ಇದೆ. ಈಗ ನಡುವೆ 12 ಡೆಸಿಬೆಲ್, ಅಂದರೆ 4 ಪಟ್ಟು ಗೇನ್ ಇರುವ ಪ್ರೀ-ಆಂಪ್ ತಂದಿಟ್ಟರೆ 2 ವೋಲ್ಟ್ ಹೋಗಿ 8 ಆಗುತ್ತದೆ. ಬೇಕಾದದ್ದು ಒಂದೂವರೆ. ಮಿಕ್ಕಿದ್ದನ್ನೆಲ್ಲ ವಾಲ್ಯೂಮ್ ಗುಂಡಿಯಲ್ಲಿ ಚೆಲ್ಲಬೇಕು. ಕೆರೆಯ ತೂಬು ಪೂರ್ತಿ ಎತ್ತಿ, ಆಮೇಲೆ ಕಾಲುವೆಗೆ ಅಡ್ಡ ಕಲ್ಲು ಪೇರಿಸಿದ ಹಾಗೆ.

ಇದು ಪೂರ್ತಿ ದನಿಯ ಮಾತಾಯಿತು. ಸಾಮಾನ್ಯ ಹಾಲ್‌ನಲ್ಲಿ, ಸಾಮಾನ್ಯ ಸ್ಪೀಕರಿನಲ್ಲಿ ನಾವು ಹಾಡು ಕೇಳುವಾಗ ಸರಾಸರಿ ಒಂದು ವ್ಯಾಟೂ ಖರ್ಚಾಗುವುದಿಲ್ಲ. ಒಂದು ವ್ಯಾಟಿಗೆ ಪವರ್ ಆಂಪ್ ಬಯಸುವುದು 0.14 ವೋಲ್ಟ್ ಮಾತ್ರ. ಆದ್ದರಿಂದ ಎಷ್ಟೋ ಮನೆಗಳಲ್ಲಿ ವಾಲ್ಯೂಮ್ ಗುಂಡಿ ಗಡಿಯಾರದ ಎಂಟು, ಎಂಟೂವರೆಯ ಜಾಗ ಬಿಟ್ಟು ಅಲುಗುವುದೇ ಇಲ್ಲ.

ಅಲ್ಲಿಯೇ ಗುಂಡಿಯ ದೌರ್ಬಲ್ಯವೂ ಇರುವುದು. ವಾಲ್ಯೂಮ್ ಎಂದರೆ ಒಂದೇ ದಂಡಕ್ಕೆ ಪೋಣಿಸಿದ ಎರಡು ಇಂಗಾಲದ ಪಟ್ಟಿಗಳು, ಎಡಕ್ಕೊಂದು ಬಲಕ್ಕೊಂದು. ಎರಡೂ ಒಂದೇ ಅಳತೆಯಲ್ಲಿ ಏರಬೇಕು, ಇಳಿಯಬೇಕು. ನಡುವಿನ ಭಾಗದಲ್ಲಿ ಚೆನ್ನಾಗಿಯೇ ಹೊಂದುತ್ತವೆ. ತೀರ ಕೆಳಗೆ ಬಂದಾಗ ಹೆಸರಾಂತ ಆಲ್ಪ್ಸ್ ಕಂಪನಿಯ ನೀಲಿ ಪೊಟೆನ್ಶಿಯೋಮೀಟರಿನಲ್ಲೂ ಎರಡು ಮೂರು ಡೆಸಿಬೆಲ್ ವ್ಯತ್ಯಾಸಕ್ಕೆ ಅವಕಾಶ ಉಂಟು. ಅಗ್ಗದ ಮಾಲಿನಲ್ಲಿ ಇನ್ನೂ ಹೆಚ್ಚು. ಮೈಸೂರಿನ ಗೆಳೆಯರೊಬ್ಬರ ಮನೆಯಲ್ಲಿ ಇದನ್ನು ಕಣ್ಣಾರೆ, ಅಲ್ಲ, ಕಿವಿಯಾರೆ ಕಂಡೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಮಲ್ಲಿಕಾರ್ಜುನ ಮನಸೂರರನ್ನು ಮೆತ್ತಗೆ ಹಾಕಿದರೆ ಪಂಡಿತರು ನಡುವೆ ಕೂರದೆ ಬಲಗಡೆಯ ಸ್ಪೀಕರಿನತ್ತ ಸರಿದುಬಿಡುತ್ತಿದ್ದರು. ವಾಲ್ಯೂಮ್ ಏರಿಸಿದರೆ ಮತ್ತೆ ನಡುವೆ. ಸ್ಪೀಕರ್ ಬದಲಿಸಬೇಕೆಂದು ಗೆಳೆಯರು ಬೆಲೆ ವಿಚಾರಿಸುತ್ತಿದ್ದರು. ಪ್ರೀ ಮತ್ತು ಪವರ್ ನಡುವೆ 10 ಡೆಸಿಬೆಲ್ ತಗ್ಗಿಸುವ, ಹೆಬ್ಬೆರಳಿನಷ್ಟುದ್ದದ ಎರಡು ಅಟೆನ್ಯುಯೇಟರ್ ಪ್ಲಗ್ ಸಿಕ್ಕಿಸಿದ ಮೇಲೆ ಗುಂಡಿ ಹತ್ತು ಗಂಟೆಯ ಜಾಗಕ್ಕೆ ಬಂತು, ಗಾಯಕರೂ ನಡುವೆ ಬಂದು ಕೂತರು. ಹಿನ್ನೆಲೆಯ ಸುಯ್ ಎಂಬ ಸದ್ದೂ ಇಳಿಯಿತು.

ಹಾಗಾದರೆ ಪ್ರೀ-ಆಂಪ್ ಬೇಡವೇ? ರೆಕಾರ್ಡು ಇಲ್ಲದ, ಫೋನು ಕಂಪ್ಯೂಟರು ಸ್ಟ್ರೀಮರುಗಳಿಂದಲೇ ಹಾಡು ಕೇಳುವ ಮನೆಯಲ್ಲಿ ಬೇಡ ಎನ್ನುವುದಕ್ಕೆ ಬಲವಾದ ಕಾರಣಗಳಿವೆ. ಎಷ್ಟೋ ಡ್ಯಾಕ್‌ಗಳೊಳಗೇ ಡಿಜಿಟಲ್ ವಾಲ್ಯೂಮ್ ಇರುತ್ತದೆ. ಅದರಲ್ಲಿ ಎಡ ಬಲ ಏರುಪೇರಾಗುವ ಪ್ರಶ್ನೆಯೇ ಇಲ್ಲ. ಡಿಜಿಟಲ್ ವಾಲ್ಯೂಮ್ ತಗ್ಗಿಸಿದರೆ ‘ಬಿಟ್’ ಕಳೆದುಹೋಗುತ್ತದೆ ಎಂಬ ದೂರು ಹಳೆಯ 16 ಬಿಟ್ ಯಂತ್ರಗಳ ಕಾಲದ್ದು. ಈಗಿನ ಒಳ್ಳೆಯ ಡ್ಯಾಕ್‌ಗಳ ಗದ್ದಲದ ಮಟ್ಟ ಪೂರ್ತಿ ಸಿಗ್ನಲ್ಲಿಗಿಂತ 120 ಡೆಸಿಬೆಲ್ ಕೆಳಗಿದೆ. ಸಿಡಿಯ ಧ್ವನಿಮುದ್ರಣದ್ದು ಸುಮಾರು 96. ಇಪ್ಪತ್ತು ಚಿಲ್ಲರೆ ಡೆಸಿಬೆಲ್ ಇಳಿಸುವವರೆಗೆ ಕಳೆದುಕೊಳ್ಳುವುದು ಏನೂ ಇಲ್ಲ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಸಾಫ್ಟ್‌ವೇರಿನಲ್ಲಿರುವ ವಾಲ್ಯೂಮ್ ಅಪ್‌ಡೇಟ್ ಆದಾಗಲೋ ಆ್ಯಪ್ ತೊದಲಿದಾಗಲೋ ಒಮ್ಮೆಗೇ ನೂರಕ್ಕೆ ಹೋಗಿ ನಿಂತರೆ ಟ್ವೀಟರಿನ ಕಥೆ ಮುಗಿಯಿತು. ಪವರ್ ಆಂಪ್‌ಗೆ ನೇರ ವೈರ್ ಎಳೆದವರು ಗೇನ್ ಸ್ವಿಚ್ ಇರುವ ಆಂಪ್ ನೋಡಿ ಕೊಳ್ಳುವುದು ಕ್ಷೇಮ. ಅಮೆರಿಕದ ಬೆಂಚ್‌ಮಾರ್ಕ್ ಕಂಪನಿಯ ಎಎಚ್‌ಬಿ2ರಂಥ ಆಂಪ್‌ನಲ್ಲಿ ಗೇನನ್ನು 9.2 ಡೆಸಿಬೆಲ್‌ವರೆಗೂ ಇಳಿಸಬಹುದು.

ಇನ್ನೊಂದು ಗುಂಪು ಪ್ಯಾಸಿವ್ ಪ್ರೀಯವರದು. ಪೆಟ್ಟಿಗೆಯೊಳಗೆ ಒಂದು ಪೊಟೆನ್ಶಿಯೋಮೀಟರು, ಒಂದು ಸೆಲೆಕ್ಟರ್ ಸ್ವಿಚ್, ಕರೆಂಟೇ ಬೇಡ. ಸಿಗ್ನಲ್ ದಾರಿಯಲ್ಲಿ ಟ್ರಾನ್ಸಿಸ್ಟರೂ ಇಲ್ಲ ವಾಲ್ವೂ ಇಲ್ಲ ಎಂಬ ಪರಿಶುದ್ಧತೆಯ ಆಕರ್ಷಣೆ ಅದಕ್ಕಿದೆ, ಬೆಲೆಯೂ ಕಡಿಮೆ. ಆದರೆ ಪರಿಶುದ್ಧತೆಗೂ ಇಂಪೀಡೆನ್ಸಿನ, ಅಂದರೆ ಸಿಗ್ನಲ್ಲಿಗೆ ಎದುರಾಗುವ ತಡೆಯ, ಕಂದಾಯ ಕಟ್ಟಬೇಕು. 50 ಕಿಲೋ ಓಮ್ ಪೊಟೆನ್ಶಿಯೋಮೀಟರಿನ ಹೊರಬಾಯಿಯ ಇಂಪೀಡೆನ್ಸ್ ಗರಿಷ್ಠ ಹನ್ನೆರಡೂವರೆ ಕಿಲೋ ಓಮ್‌ವರೆಗೆ ಏರುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್ಲನ್ನು 5 ಮೀಟರ್ ಎಳೆದರೆ ಇವೆರಡೂ ಸೇರಿ 20 ಕಿಲೋಹರ್ಟ್ಸ್‌ನಲ್ಲಿ ಎರಡು ಡೆಸಿಬೆಲ್ ನುಂಗಿಹಾಕುತ್ತವೆ. ಅದೇ 10 ಕಿಲೋ ಓಮ್ ಪೊಟೆನ್ಶಿಯೋಮೀಟರು, ಒಂದು ಮೀಟರ್ ಕೇಬಲ್ಲು ಎಂದಾದರೆ ಏನೂ ಆಗುವುದಿಲ್ಲ. ‘ಪ್ಯಾಸಿವ್ ಪ್ರೀ ಮಂಕು’ ಎಂದವರೂ ‘ಪ್ಯಾಸಿವ್‌ನಷ್ಟು ತಿಳಿ ಇನ್ನೊಂದಿಲ್ಲ’ ಎಂದವರೂ ಕೇಳಿದ್ದು ಹೀಗೆ ಬೇರೆ ಬೇರೆ ಲೆಕ್ಕದ ಎರಡು ಸೆಟ್ಟುಗಳನ್ನು.

ಈ ಜಗಳಕ್ಕೆ ಅಮೆರಿಕದ ನೆಲ್ಸನ್ ಪಾಸ್ ಒಂದು ಸರಳ ಪರಿಹಾರ ಕೊಟ್ಟರು. ಅವರ ಬಿ1 ಬಫರ್ ಸಿಗ್ನಲ್ಲನ್ನು ಒಂದು ಚೂರೂ ದೊಡ್ಡದು ಮಾಡುವುದಿಲ್ಲ. ವಾಲ್ಯೂಮಿನ ಜೊತೆಗೆ ಜೆಫೆಟ್ ಎಂಬ ಟ್ರಾನ್ಸಿಸ್ಟರುಗಳನ್ನು ಕೂರಿಸಿ, ಮೂಲಕ್ಕೂ ಕೇಬಲ್ಲಿಗೂ ಭಾರ ಬೀಳದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಸರ್ಕ್ಯೂಟನ್ನು ಅವರು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದರಿಂದ ಬೆಸುಗೆ ಹಿಡಿಯಬಲ್ಲವರು ಮನೆಯಲ್ಲೇ ಕಟ್ಟಿಕೊಂಡಿದ್ದಾರೆ. ಈಗಿನ ಹೆಚ್ಚಿನ ಮನೆಗಳಿಗೆ ಬೇಕಾದ ಪ್ರೀ-ಆಂಪ್ ಇಂಥದ್ದೇ ಎಂದು ನನ್ನ ಅಭಿಪ್ರಾಯ: ಗೇನ್ ಸೊನ್ನೆ ಡೆಸಿಬೆಲ್ ಅಥವಾ ಅದರ ಹತ್ತಿರ, ಹೊರಬಾಯಿಯ ಇಂಪೀಡೆನ್ಸ್ ಕೆಲವೇ ನೂರು ಓಮ್.

ಇದಕ್ಕೆ ತದ್ವಿರುದ್ಧದ ಸಂದರ್ಭವೂ ಇದೆ. ಪ್ಯೂರಿಫೈ ಕಂಪನಿಯದರಂಥ ಹೊಸ ಕ್ಲಾಸ್ ಡಿ ಪವರ್ ಆಂಪ್ ಮಾಡ್ಯೂಲುಗಳ ಗೇನ್ 13 ಡೆಸಿಬೆಲ್‌ಗಿಂತ ಒಂದು ಕೂದಲು ಕಡಿಮೆ, ಅಂದರೆ ನಾಲ್ಕೂವರೆ ಪಟ್ಟಿಗೂ ಒಳಗೆ. ಎದುರಿಗೆ ಗೇನ್ ಇರುವ ಯಾವ ಹಂತವೂ ಇಲ್ಲದೆ ಅದಕ್ಕೆ 2 ವೋಲ್ಟ್ ಕೊಟ್ಟರೆ 8 ಓಮ್‌ನಲ್ಲಿ ಹತ್ತು ವ್ಯಾಟೂ ಸಿಗುವುದಿಲ್ಲ. ಇನ್ನೂರು ವ್ಯಾಟಿನ ಆಂಪ್ ತಂದು ‘ದಮ್ಮೇ ಇಲ್ಲ’ ಎಂದು ಗೊಣಗುವವರು ಗೇನಿನ ಸಾಲನ್ನು ಓದಿರುವುದಿಲ್ಲ. ಅಲ್ಲಿ 12 ಡೆಸಿಬೆಲ್ ಗೇನಿನ ಪ್ರೀ-ಆಂಪ್ ನಿಜಕ್ಕೂ ಬೇಕು. ಒಂದೇ ಪ್ರೀ-ಆಂಪ್ ಒಬ್ಬರ ಮನೆಯಲ್ಲಿ ಹೊರೆ, ಇನ್ನೊಬ್ಬರ ಮನೆಯಲ್ಲಿ ಆಸರೆ. ಹೀಗಿರುವಾಗ ಅದಕ್ಕೆ ಐದರಲ್ಲಿ ಇಷ್ಟು ನಕ್ಷತ್ರ ಎಂದು ಕೊಡುವ ವಿಮರ್ಶೆಯಿಂದ ಯಾರಿಗೆ ಏನು ಉಪಯೋಗವೋ!

ರೆಕಾರ್ಡು ನುಡಿಸುವವರ ವಿಷಯ ಬೇರೆಯೇ. ಅವರ ಮಟ್ಟಿಗೆ ಕಾಲ 1958ರಲ್ಲೇ ನಿಂತಿದೆ. ಕಾರ್ಟ್ರಿಜ್ ಇವತ್ತಿಗೂ ಮಿಲಿವೋಲ್ಟಿನಲ್ಲೇ ಮಾತಾಡುತ್ತದೆ. ಚಲಿಸುವ ಆಯಸ್ಕಾಂತದ ಎಂಎಂ ಜಾತಿಯದಾದರೆ 4-5 ಮಿಲಿವೋಲ್ಟ್; ಚಲಿಸುವ ಸುರುಳಿಯ ಎಂಸಿ ಆದರೆ ಅದರ ಹತ್ತರಲ್ಲೊಂದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದ ಆರಂಭದಲ್ಲಿ ರೂಪುಗೊಂಡು ಇಂದಿಗೂ ಮಾರಾಟವಾಗುತ್ತಿರುವ ಡೆನನ್ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ಅದನ್ನು ಕೇಳುವ ಮಟ್ಟಕ್ಕೆ ತರಲು ಸಾವಿರ ಪಟ್ಟು ಹೆಚ್ಚಿಸಬೇಕು, ಹೆಚ್ಚಿಸುವಾಗ ಗದ್ದಲ ಸೇರಿಸಬಾರದು. ಇಡೀ ಹೈ-ಫೈ ಸರಪಳಿಯಲ್ಲಿ ಇಷ್ಟು ನಾಜೂಕಿನ ಎಲೆಕ್ಟ್ರಾನಿಕ್ ಕೆಲಸ ಇನ್ನೊಂದಿಲ್ಲ.

ಹೆಚ್ಚಿಸಿದರೆ ಮುಗಿಯಲಿಲ್ಲ. ತಟ್ಟೆ ಕೊರೆಯುವಾಗ ಮಂದ್ರದ ಸ್ವರಗಳನ್ನು ಇದ್ದಂತೆ ಕೊರೆದರೆ ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. ಆದ್ದರಿಂದ ಅವನ್ನು ತಗ್ಗಿಸಿ ಕೊರೆಯುತ್ತಾರೆ. ತಾರದ ಭಾಗವನ್ನು ತಟ್ಟೆಯ ಸರಸರ ಸದ್ದಿನಿಂದ ಪಾರು ಮಾಡಲು ಏರಿಸಿ ಕೊರೆಯುತ್ತಾರೆ. ನುಡಿಸುವಾಗ ಇದನ್ನು ಕರಾರುವಾಕ್ಕಾಗಿ ತಿರುವುಮುರುವು ಮಾಡುವುದು ಪ್ರೀ-ಆಂಪ್‌ನ ಫೋನೋ ವಿಭಾಗದ ಹೊಣೆ. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಇದಕ್ಕೊಂದು ಏಕರೂಪದ ವಕ್ರರೇಖೆ ನಿಗದಿ ಮಾಡಿತು, ಅದೇ ಆರ್‌ಐಎಎ. 20 ಹರ್ಟ್ಸ್‌ನಿಂದ 20 ಸಾವಿರ ಹರ್ಟ್ಸ್‌ಗೆ ಹೋಗುವಷ್ಟರಲ್ಲಿ ಈ ರೇಖೆ ಸುಮಾರು 39 ಡೆಸಿಬೆಲ್ ಇಳಿಯುತ್ತದೆ, ಪಟ್ಟಿನಲ್ಲಿ ಹೇಳಿದರೆ ಎಂಬತ್ತಕ್ಕೂ ಮೇಲೆ. ಇದರಲ್ಲಿ ಎಡವಟ್ಟಾದರೆ ತಂಬೂರಿಯ ತೂಕವೂ ತಬಲಾದ ಚಾಟಿಯೂ ಬದಲಾಗುತ್ತವೆ. ಪ್ರೀ-ಆಂಪ್‌ಗಳ ದನಿಯಲ್ಲಿ ವ್ಯತ್ಯಾಸ ಇದೆ ಎಂದು ಯಾರಾದರೂ ಆಣೆ ಮಾಡಿದರೆ, ಫೋನೋ ವಿಭಾಗದ ಮಟ್ಟಿಗೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ.

ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ರೆಕಾರ್ಡು ನುಡಿಸುವವರನ್ನೇ ಕಾಡುವುದಕ್ಕೂ ಇದೇ ಕಾರಣ. ಆರ್‌ಐಎಎ ರೇಖೆ 50 ಹರ್ಟ್ಸ್‌ನಲ್ಲಿ, 1000 ಹರ್ಟ್ಸ್‌ಗೆ ಹೋಲಿಸಿದರೆ, 17 ಡೆಸಿಬೆಲ್ ಮೇಲಿದೆ. ಅಂದರೆ ಏಳು ಪಟ್ಟು. ಗೋಡೆಯೊಳಗಿನ ವೈರಿನಿಂದ ನುಸುಳಿದ ಎಳ್ಳಷ್ಟು ಹಮ್ಮನ್ನು ಅದು ಏಳು ಪಟ್ಟು ಹಿಗ್ಗಿಸಿ ಮುಂದಿಡುತ್ತದೆ. ಟರ್ನ್‌ಟೇಬಲಿನ ನೆಲದ ವೈರನ್ನು ಪ್ರೀ-ಆಂಪ್‌ನ ತಿರುಪಿಗೆ ಸರಿಯಾಗಿ ಕಟ್ಟುವುದು, ಫೋನೋ ಪೆಟ್ಟಿಗೆಯನ್ನು ಪವರ್ ಆಂಪ್‌ನ ಟ್ರಾನ್ಸ್‌ಫಾರ್ಮರಿನಿಂದ ಎರಡು ಅಡಿ ದೂರ ಇಡುವುದು, ಎಲ್ಲ ಪ್ಲಗ್ಗುಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಇಷ್ಟಕ್ಕೇ ಎಷ್ಟೋ ಮನೆಗಳ ಹಮ್ ಅಡಗುತ್ತದೆ. ಟಿವಿಯ ಕೇಬಲ್ ಅಥವಾ ಡಿಶ್ ವೈರು ಸೆಟ್ಟಿಗೆ ತಗುಲಿದ್ದರೆ ಅದನ್ನು ಬಿಚ್ಚಿ ನೋಡಿ. ಹಮ್ ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ‘ಟ್ರಿಕ್’ ನಮ್ಮಲ್ಲಿ ಚಾಲ್ತಿಯಲ್ಲಿದೆ. ಹಾಡಿಗಾಗಿ ಜೀವ ಕೊಡುವುದೆಂದರೆ ಇದಲ್ಲ.

ಎಂಎಂ ಕಾರ್ಟ್ರಿಜ್ ಇರುವವರು ಕೇಳಬೇಕಾದ ಇನ್ನೊಂದು ಸಂಗತಿ ಕೆಪಾಸಿಟೆನ್ಸ್. ಒಳಬಾಯಿಯ ಇಂಪೀಡೆನ್ಸ್ 47 ಕಿಲೋ ಓಮ್ ಎಂಬುದು ಹೆಚ್ಚುಕಡಿಮೆ ಎಲ್ಲ ಪ್ರೀಗಳಲ್ಲೂ ಒಂದೇ, ಆದರೆ ಪಿಕೋಫ್ಯಾರಡ್ ಲೆಕ್ಕ ಬೇರೆ. ಆಡಿಯೋ-ಟೆಕ್ನಿಕಾದ ವಿಎಂ95ಇ ಬಯಸುವುದು 100ರಿಂದ 200; ಆರ್ಟೋಫಾನಿನ 2ಎಂ ರೆಡ್‌ಗೆ 150ರಿಂದ 300 ಆಗುತ್ತದೆ. ಟರ್ನ್‌ಟೇಬಲಿನ ಕೈಯೊಳಗಿನ ವೈರು, ಕೇಬಲ್ಲು, ಪ್ರೀ ಮೂರೂ ಸೇರಿದ ಮೊತ್ತ ಇದು. ಮಿತಿ ದಾಟಿದರೆ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಬಂದು ಹಾರ್ಮೋನಿಯಂ ಚುಚ್ಚುತ್ತದೆ. ನೂರು ರೂಪಾಯಿಯ ಕೇಬಲ್ಲು ಗಿಡ್ಡ ಮಾಡಿದರೆ ಹೋಗುವ ತೊಂದರೆಗೆ ಹೊಸ ಪ್ರೀ-ಆಂಪ್ ತಂದವರನ್ನು ನೋಡಿದ್ದೇನೆ.

ಮನೆಯಲ್ಲಿ ಅಜ್ಜನ ಕಾಲದ ತಟ್ಟೆಗಳಿದ್ದರೆ, ಗಂಗೂಬಾಯಿ ಹಾನಗಲ್ಲರ 78 ಆರ್‌ಪಿಎಂ ಇರಲಿ, ಹಳೆಯ ಕನ್ನಡ ಚಿತ್ರಗೀತೆಗಳ ಮಾನೋ ರೆಕಾರ್ಡುಗಳಿರಲಿ, ಪ್ರೀ-ಆಂಪ್‌ನಲ್ಲಿ ಎರಡು ಹಳೆಯ ಸೌಕರ್ಯಗಳನ್ನು ಹುಡುಕಿ. ಒಂದು ಮಾನೋ ಸ್ವಿಚ್. ಮಾನೋ ತಟ್ಟೆಯಲ್ಲಿ ಹಾಡು ಇರುವುದು ಗೀರಿನ ಅಡ್ಡ ಅಲುಗಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಅಲುಗಾಟವನ್ನೂ ಓದಿ ಧೂಳು ಸವೆತಗಳ ಚಟಪಟವನ್ನು ಹಾಡಿಗೆ ಬೆರೆಸುತ್ತದೆ. ಎಡಬಲ ಕೂಡಿಸುವ ಈ ಸ್ವಿಚ್ ಒತ್ತಿದ ಕೂಡಲೇ ಆ ಪಾಲಿನ ಸದ್ದು ಒಂದನ್ನೊಂದು ಅಳಿಸಿಕೊಂಡು ಹೋಗುತ್ತದೆ, ಹಾಡು ಮುಂದೆ ಬರುತ್ತದೆ. ಇದನ್ನು ಕೇಳಿಯೇ ನಂಬಬೇಕು. ಎರಡನೆಯದು, 1954ಕ್ಕೆ ಮೊದಲಿನ ತಟ್ಟೆಗಳಿಗೆ ಹೊಂದಿಸಿಕೊಳ್ಳುವ ಇಕ್ವಲೈಸೇಶನ್ ಸ್ವಿಚ್. ಆಗ ಒಂದೊಂದು ಕಂಪನಿ ಒಂದೊಂದು ರೇಖೆಯಲ್ಲಿ ಕೊರೆಯುತ್ತಿದ್ದುದರಿಂದ ಆರ್‌ಐಎಎಯಲ್ಲಿ ನುಡಿಸಿದರೆ ದನಿ ಕಂಬಳಿ ಹೊದ್ದು ಬರುತ್ತದೆ. ಎರಡೂ ಮರಾಂಟ್ಜ್ 7ರ ಕಾಲದಲ್ಲಿ ಸಾಮಾನ್ಯವಾಗಿದ್ದವು, ಈಗ ದುಬಾರಿ ಫೋನೋ ಪೆಟ್ಟಿಗೆಗಳಲ್ಲಿ ವಿಶೇಷ ಸೌಲಭ್ಯ ಎಂದು ಬರುತ್ತವೆ.

ಇನ್ನು ವಾಲ್ವೋ ಟ್ರಾನ್ಸಿಸ್ಟರೋ ಎಂಬ ಸನಾತನ ಪ್ರಶ್ನೆ. ಸಿಗ್ನೆಟಿಕ್ಸ್ ಕಂಪನಿ 1970ರ ದಶಕದ ಕೊನೆಗೆ ತಂದ ಎನ್‌ಇ5532 ಎಂಬ ಆಪ್-ಆಂಪ್ ಚಿಪ್ಪು ಎಸ್.ಪಿ. ರಸ್ತೆಯಲ್ಲಿ ಇವತ್ತಿಗೂ ನೂರು ರೂಪಾಯಿಯೊಳಗೆ ಸಿಗುತ್ತದೆ. ಇಂಗ್ಲೆಂಡಿನ ಡಗ್ಲಸ್ ಸೆಲ್ಫ್ ಅದನ್ನಿಟ್ಟುಕೊಂಡೇ ಅತಿ ಕಡಿಮೆ ವಿರೂಪದ ಪ್ರೀ-ಆಂಪ್‌ಗಳನ್ನು ವಿನ್ಯಾಸ ಮಾಡಿ ಪ್ರಕಟಿಸಿದರು. ನಾವು ಕೇಳುವ ಎಷ್ಟೋ ಹಾಡುಗಳು ಸ್ಟುಡಿಯೋದ ಕನ್ಸೋಲಿನೊಳಗೆ ಇದೇ ಬಳಗದ ಹತ್ತಾರು ಚಿಪ್ಪುಗಳನ್ನು ದಾಟಿಯೇ ಬಂದಿವೆ. ಮನೆಯಲ್ಲಿ ಇನ್ನೊಂದನ್ನು ದಾಟಿದರೆ ಮಡಿ ಕೆಡುತ್ತದೆ ಎಂಬ ವಾದ ನನಗೆ ನಿಲುಕುವುದಿಲ್ಲ.

ವಾಲ್ವ್ ಪ್ರೀ ಸೇರಿಸುವುದು ಬಹುಮಟ್ಟಿಗೆ ಎರಡನೆಯ ಹಾರ್ಮೋನಿಕ್ಕು, ಅಂದರೆ ಮೂಲ ಸ್ವರದ ಮೇಲಿನ ಸ್ಥಾಯಿಯ ಅದೇ ಸ್ವರ. ಸಂಗೀತಕ್ಕೆ ಅದು ಶತ್ರುವಲ್ಲ. ಆ ಬೆಚ್ಚನೆಯ ಬಣ್ಣ ಇಷ್ಟವಾದರೆ ಕೊಳ್ಳುವುದರಲ್ಲಿ ತಪ್ಪೂ ಇಲ್ಲ, ಬಣ್ಣ ಎಂದು ತಿಳಿದು ಕೊಂಡರಾಯಿತು. ಆದರೆ ವಾಲ್ವ್ ಪ್ರೀಯ ಹೊರಬಾಯಲ್ಲಿ ಕೂತಿರುವ ಕೆಪಾಸಿಟರನ್ನು ಯಾರೂ ಕೇಳುವುದಿಲ್ಲ. ಅದು 1 ಮೈಕ್ರೋಫ್ಯಾರಡ್ ಇದ್ದು, ಮುಂದಿನ ಪವರ್ ಆಂಪ್‌ನ ಇಂಪೀಡೆನ್ಸ್ 10 ಕಿಲೋ ಓಮ್ ಇದ್ದರೆ 16 ಹರ್ಟ್ಸ್‌ನಲ್ಲಿ 3 ಡೆಸಿಬೆಲ್ ಇಳಿಯುತ್ತದೆ. ಕೆಪಾಸಿಟರ್ ಅದರ ಅರ್ಧವಾದರೆ 32 ಹರ್ಟ್ಸ್‌ನಲ್ಲೇ. ಮೃದಂಗದ ಎಡದ ತೊಪ್ಪಿ ಸೊರಗುತ್ತದೆ. ಪ್ರೀಯ ಹೊರಬಾಯಿಗಿಂತ ಪವರಿನ ಒಳಬಾಯಿಯ ಇಂಪೀಡೆನ್ಸ್ ಹತ್ತು ಪಟ್ಟಾದರೂ ಇರಲಿ ಎಂಬುದು ಹಳೆಯ ಎಂಜಿನಿಯರುಗಳ ಲೆಕ್ಕ. ವಾಲ್ವ್ ಇದ್ದಲ್ಲಿ ಇಪ್ಪತ್ತು ಇಟ್ಟುಕೊಂಡರೆ ಕ್ಷೇಮ.

ಕಿವಿಯ ಸಾಕ್ಷ್ಯ ಏನು ಹೇಳುತ್ತದೆ? 1978ರಲ್ಲಿ ಜೇಮ್ಸ್ ಮೋಯರ್ ಕ್ವಾಡ್‌ನ ವಾಲ್ವ್ ಆಂಪ್ ಒಂದನ್ನೂ ಟ್ರಾನ್ಸಿಸ್ಟರ್ ಆಂಪ್ ಎರಡನ್ನೂ ಮರೆಯಲ್ಲಿಟ್ಟು ಪರಿಣತ ಕೇಳುಗರಿಗೆ ಕೇಳಿಸಿದರು. ಯಾವುದು ಯಾವುದೆಂದು ಅವರು ಹೇಳಿದ್ದು ನಾಣ್ಯ ಚಿಮ್ಮಿದ್ದಕ್ಕಿಂತ ಮೇಲೇನೂ ಆಗಿರಲಿಲ್ಲ. ಅದು ಪವರ್ ಆಂಪ್‌ಗಳ ಪರೀಕ್ಷೆ, ನಿಜ. ಆದರೆ ಲೈನ್ ಮಟ್ಟದ, ಅಂದರೆ ಫೋನೋ ಬಿಟ್ಟು ಉಳಿದ ಮೂಲಗಳ, ಪ್ರೀ-ಆಂಪ್‌ನ ಕೆಲಸ ಅದಕ್ಕಿಂತ ಎಷ್ಟೋ ಹಗುರ. ಇಂಪೀಡೆನ್ಸ್ ಹೊಂದಿಕೆಯಾಗಿ, ಗೇನ್ ಸರಿಯಿದ್ದು, ವಿರೂಪ ಗದ್ದಲಗಳು ಕಿವಿಯ ಅಳವಿನಿಂದ ಕೆಳಗಿದ್ದರೆ, ಎರಡು ಒಳ್ಳೆಯ ಲೈನ್ ಪ್ರೀಗಳನ್ನು ಕಣ್ಣುಕಟ್ಟಿ ಗುರುತಿಸುವವರನ್ನು ನಾನಂತೂ ಕಂಡಿಲ್ಲ.

ಹಾಗಾದರೆ ದುಡ್ಡು ಕೊಡಬೇಕಾದ್ದು ಯಾವುದಕ್ಕೆ? ನನ್ನ ಪಟ್ಟಿಯಲ್ಲಿ ಮೊದಲಿಗೆ ಬರುವುದು ಮ್ಯೂಟಿಂಗ್ ರಿಲೇ. ನಮ್ಮಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ, ಕೇಳಿ ಬರುವುದಿಲ್ಲ. ಪ್ರೀ ಮೊದಲು, ಪವರ್ ಕೊನೆಗೆ ಹಾಕಬೇಕು, ಆರಿಸುವಾಗ ತಿರುವುಮುರುವು ಎಂಬ ಶಿಸ್ತು ಲೋಡ್ ಶೆಡ್ಡಿಂಗಿನ ಮುಂದೆ ನಡೆಯದು. ಹೋದ ಕರೆಂಟು ಬಂದಾಗ ಎಲ್ಲವೂ ಒಟ್ಟಿಗೇ ಎದ್ದು ಸ್ಪೀಕರಿನಲ್ಲಿ ಧಡ್ ಎನ್ನುತ್ತದೆ. ಒಳಗಿನ ವೋಲ್ಟೇಜ್ ನೆಲೆಗೊಳ್ಳುವವರೆಗೆ ಹೊರಬಾಯಿ ಮುಚ್ಚಿಡುವ ರಿಲೇ ಇರುವ ಪ್ರೀ-ಆಂಪ್ ಇಲ್ಲಿ ಐಷಾರಾಮವಲ್ಲ. ಅಮೆರಿಕದಿಂದ ಮಗನೋ ಅಳಿಯನೋ ಸೂಟ್‌ಕೇಸಿನಲ್ಲಿ ತಂದ ಪ್ರೀ ಆಗಿದ್ದರೆ ಹಿಂಬದಿಯ ಅಕ್ಷರ ಓದಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಹೊಗೆ. ಪ್ರೀ-ಆಂಪ್ ಕುಡಿಯುವ ಕರೆಂಟು ಅಲ್ಪವಾದ್ದರಿಂದ ಸಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು.

ರಿಮೋಟ್ ಬೇಕೇಬೇಕು, ಅದಕ್ಕೆ ಮೂಗು ಮುರಿಯುವವರು ಒಬ್ಬರೇ ವಾಸಿಸುವವರು. ರಿಲೇ ಮತ್ತು ರೆಸಿಸ್ಟರುಗಳಿಂದ ಅರ್ಧರ್ಧ ಡೆಸಿಬೆಲ್ ಏರಿಳಿಯುವ ವಾಲ್ಯೂಮ್ ಸಿಕ್ಕರೆ ಮೇಲೆ ಹೇಳಿದ ಬಲಗಡೆ ಸರಿಯುವ ರೋಗವೇ ಇರುವುದಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲಿನ ಸ್ಟೆಪ್ಡ್ ಅಟೆನ್ಯುಯೇಟರ್ ನೋಡಲು ಚಂದ, ರಾತ್ರಿಯ ಹೊತ್ತು ಒಂದು ಮೆಟ್ಟಿಲು ಜೋರು, ಇನ್ನೊಂದು ಮೆಲ್ಲಗೆ.

ಟೋನ್ ಕಂಟ್ರೋಲನ್ನು ಕೀಳಾಗಿ ನೋಡುವ ಫ್ಯಾಶನ್ನು 1980ರ ದಶಕದಲ್ಲಿ ಇಂಗ್ಲೆಂಡಿನಿಂದ ಹಬ್ಬಿತು. ಕಾರ್ಪೆಟ್ಟು, ದಪ್ಪ ಪರದೆ, ಸೋಫಾಗಳ ಅಲ್ಲಿನ ಕೋಣೆಗೆ ಅದು ಬೇಡವಾಗಿತ್ತೇನೋ. ಮೊಸಾಯಿಕ್ ಅಥವಾ ಗ್ರಾನೈಟ್ ನೆಲ, ಬೋಳು ಗೋಡೆ, ಬೆತ್ತದ ಕುರ್ಚಿಗಳಿರುವ ನಮ್ಮ ಹಾಲ್‌ಗಳಲ್ಲಿ ತಾರದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಪೀಟರ್ ಬ್ಯಾಕ್ಸಂಡಾಲ್ 1952ರಲ್ಲಿ ಪ್ರಕಟಿಸಿದ ಟೋನ್ ಸರ್ಕ್ಯೂಟು ಲೋಕದ ಲೆಕ್ಕವಿಲ್ಲದಷ್ಟು ಆಂಪ್ಲಿಫೈಯರುಗಳಿಗೆ ಮಾದರಿಯಾಯಿತು. ಕ್ವಾಡ್ 34 ಪ್ರೀ-ಆಂಪ್‌ನಲ್ಲಿದ್ದ ‘ಟಿಲ್ಟ್’ ಗುಂಡಿ ಇನ್ನೂ ಜಾಣತನದ್ದು. ಇಡೀ ಸ್ವರಪಟ್ಟಿಯನ್ನು ನಡುವೆ ಹಿಡಿದು ಒಂದು ಕಡೆಗೆ ಒಂದಿಷ್ಟು ವಾಲಿಸುತ್ತದೆ. ಟ್ರೆಬಲ್ ಎರಡು ಡೆಸಿಬೆಲ್ ಇಳಿಸಿದಾಗ ಆಗುವ ಬದಲಾವಣೆ, ಪ್ರೀ-ಆಂಪ್ ಬದಲಿಸಿದಾಗ ಆಗುವುದಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೇಡವಾದಾಗ ಪಕ್ಕಕ್ಕೆ ಸರಿಸುವ ಸ್ವಿಚ್ ಇದ್ದರೆ ಮಡಿವಂತರಿಗೂ ತಕರಾರಿರಬಾರದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ಹೊಸದಾಗಿ ಸೆಟ್ ಕಟ್ಟುತ್ತಿದ್ದರೆ ಬೇರೆ ಪ್ರೀ-ಆಂಪ್‌ನ ಗೋಜಿಗೇ ಹೋಗದೆ ಪ್ರೀ, ಪವರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಒಳ್ಳೆಯ ಇಂಟಿಗ್ರೇಟೆಡ್ ಆಂಪ್ ಕೊಳ್ಳಿ. ಗೇನ್, ಇಂಪೀಡೆನ್ಸುಗಳ ಹೊಂದಾಣಿಕೆಯನ್ನು ತಯಾರಕನೇ ಮಾಡಿರುತ್ತಾನೆ, ಉಳಿದ ದುಡ್ಡು ಸ್ಪೀಕರಿಗಿರಲಿ. ಪವರ್ ಆಂಪ್ ಈಗಾಗಲೇ ಇದ್ದು ಹಾಡೆಲ್ಲ ಡಿಜಿಟಲ್ ಆಗಿದ್ದರೆ ರಿಮೋಟ್ ಇರುವ, ವಾಲ್ಯೂಮ್ ಚೆನ್ನಾಗಿರುವ ಡ್ಯಾಕ್ ಸಾಕು. ಕೇಬಲ್ಲು ಉದ್ದವಿದ್ದರೆ, ಮೂರು ನಾಲ್ಕು ಮೂಲಗಳಿದ್ದರೆ ಗೇನ್ ಕಡಿಮೆಯಿರುವ ಅರೆವಾಹಕದ ಪ್ರೀ ತನ್ನಿ. ರೆಕಾರ್ಡಿನವರು ಲೈನ್ ವಿಭಾಗಕ್ಕೆ ಕೊಡಬೇಕೆಂದಿದ್ದ ಹಣದಲ್ಲಿ ಮುಕ್ಕಾಲನ್ನು ಫೋನೋ ವಿಭಾಗಕ್ಕೆ ಕೊಡಿ. ವಾಲ್ವ್ ಪ್ರೀ ಬೇಕೆನಿಸಿದರೆ ಪವರ್ ಆಂಪ್‌ನ ಇಂಪೀಡೆನ್ಸ್ ನೋಡಿಕೊಂಡು, ಅದರ ಮಿಣುಕು ಬೆಳಕಿಗೂ ಸೇರಿಸಿಯೇ ದುಡ್ಡು ಕೊಡುತ್ತಿದ್ದೇನೆ ಎಂದು ಒಪ್ಪಿಕೊಂಡು ತನ್ನಿ.

ಕೊಳ್ಳುವ ದಿನ ಜೇಬಿನಲ್ಲಿ ಒಂದು ಸಾಧಾರಣ ಮಲ್ಟಿಮೀಟರ್ ಇರಲಿ, ಫೋನಿನಲ್ಲಿ 400 ಹರ್ಟ್ಸ್‌ನ ಒಂದು ಟೋನ್ ಇರಲಿ. ಸಾವಿರ ಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಅಲ್ಲಿ ಸುಳ್ಳು ಹೇಳುತ್ತವೆ. ಎರಡು ಪ್ರೀ-ಆಂಪ್ ಹೋಲಿಸುವ ಮುನ್ನ ಆ ಟೋನ್ ಹಾಕಿ, ಸ್ಪೀಕರಿನ ತಿರುಪುಗಳಲ್ಲಿ ಎರಡಕ್ಕೂ ಒಂದೇ ವೋಲ್ಟೇಜ್ ಬರುವಂತೆ, 2 ವೋಲ್ಟಿಗೆ 0.02ರಷ್ಟೂ ಹೆಚ್ಚುಕಮ್ಮಿಯಾಗದಂತೆ ವಾಲ್ಯೂಮ್ ಹೊಂದಿಸಲು ಹೇಳಿ. ಅರ್ಧ ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ‘ಹೆಚ್ಚು ಸ್ಪಷ್ಟ’ ಎನಿಸುತ್ತದೆ, ಮಾರುವವರಿಗೆ ಇದು ಗೊತ್ತು. ಹಾಗೆ ಹೊಂದಿಸಿ ಕೇಳಿಸಲು ಒಪ್ಪದ ಅಂಗಡಿಯಲ್ಲಿ ಪ್ರೀ-ಆಂಪ್ ಕೊಳ್ಳಬೇಡಿ.